ಬಿಸಿಲಲ್ಲಿ ಕಂಡ ಮಂಜು

ನನ್ನ ಸೀಮಂತದ ದಿನ ಬಳೆಗಳು ಕೈಗೆ ಏರಲಿಲ್ಲ. ಮದುವೆಯಲ್ಲಿ ಸಲೀಸಾಗಿ ಏರಿದ್ದ ಅದೇ ಅಳತೆಯ ಹಸಿರು ಗಾಜಿನ ಬಳೆಗಳು. ಗಂಡನ ಚಿಕ್ಕಮ್ಮ ಸೋಪು ಸವರಿ ಹೇಗೋ ತೊಡಿಸಿ, ಬಸುರಿ ಅಂದರೆ ಹೀಗೆ ಮೈಕೈ ತುಂಬಿಕೊಳ್ಳಬೇಕು ಎಂದು ಮೆಚ್ಚಿದರು. ಬಂದವರೆಲ್ಲ ನಕ್ಕರು. ನಾನೂ ನಕ್ಕೆ. ಹೊಗಳಿಕೆ ಯಾರಿಗೆ ಬೇಡ?

ನಮ್ಮದು ಮೈಸೂರು ಕಡೆಯಿಂದ ಬಂದು ನೀಲಗಿರಿಯ ಇತ್ತಲಾರಿನ ಹತ್ತಿರ ಕ್ಯಾರೆಟ್ ಬೆಳೆಯುವ ಮನೆ. ಆಗ ನನಗೆ ಎಂಟು ತಿಂಗಳು. ಬಿ.ಪಿ. ಏರಿದೆಯೆಂದು, ಊಟಿಯಲ್ಲಿ ಇಂಥ ಅಪಾಯದ ಬಸಿರುಗಳನ್ನೇ ನೋಡುವ ಡಾಕ್ಟರಮ್ಮನಿಗೆ ತೋರಿಸುತ್ತಿದ್ದೆವು. ಮಾತ್ರೆ ಒಂದೂ ತಪ್ಪಿಸಿರಲಿಲ್ಲ. ತಲೆನೋವು ಬಂದರೆ, ಕಣ್ಣು ಸರಿಯಾಗಿ ಕಾಣದಿದ್ದರೆ ಕಾಯದೆ ಬಂದುಬಿಡಬೇಕೆಂದು ಅವರು ಹೋದಾಗಲೆಲ್ಲ ಹೇಳುತ್ತಿದ್ದರು. ಜೊತೆಗೆ ಬರುತ್ತಿದ್ದ ಅತ್ತೆಯೂ ಅದನ್ನು ಕೇಳಿಸಿಕೊಂಡಿದ್ದರು. ಅವತ್ತು ಬೆಳಗಿನಿಂದ ತಲೆ ಸಿಡಿಯುತ್ತಿತ್ತು. ಜನ, ಒಲೆಯ ಹೊಗೆ, ಖಾಲಿ ಹೊಟ್ಟೆ, ಅದಕ್ಕೇ ಇರಬೇಕು ಅಂದುಕೊಂಡೆ. ಇನ್ನು ಕಣ್ಣು ಕಾಣದಿರುವುದು ಅಂದರೆ ಕತ್ತಲೆ ಕವಿಯುವುದು ಎಂದೇ ನಾನು ತಿಳಿದಿದ್ದೆ.

ಆರತಿಗೆ ಮೊದಲು ಬಾಗಿಲ ಕಡೆ ನೋಡಿದೆ. ಹೊಲ ಕಾಣಲಿಲ್ಲ, ಬೆಳ್ಳಗೆ ಮಂಜು. ನಮ್ಮಲ್ಲಿ ಅದೇನು ಹೊಸದೇ? ಹೇಳದೆ ಕೇಳದೆ ಮನೆಯೊಳಗೇ ನುಗ್ಗುತ್ತದೆ, ಒಣಗಿದ ಬಟ್ಟೆಯೆಲ್ಲ ಮತ್ತೆ ತೇವ. ಎದ್ದು ಬಾಗಿಲು ಹಾಕುತ್ತೇವೆ, ಅಷ್ಟೆ.

"ಅತ್ತೆ, ಬಾಗ್ಲು ಹಾಕಿ. ಮಂಜು ಒಳಕ್ಕೆ ಬತ್ತಾ ಅದೆ," ಅಂದೆ.

ಯಾರೂ ಏಳಲಿಲ್ಲ. ಅತ್ತೆ ಆರತಿ ತಟ್ಟೆ ಕೆಳಗಿಟ್ಟು ನನ್ನ ಮುಂದೆ ಕೂತರು. ಅವರ ಅರ್ಧ ಮುಖ ನನಗೆ ಕಾಣುತ್ತಿರಲಿಲ್ಲ.

"ಮಂಜಿಲ್ಲ ಕಣವ್ವಾ. ಹೊರ್ಗೆ ಬಿಸ್ಲು ಅದೆ. ಏಳು, ಊಟಿಗೆ ಹೋಗವ."

ಜೀಪಿನಲ್ಲಿ ಕೂತಾಗ ಬಿಸಿಲು ತೊಡೆಯ ಮೇಲೆ ಬಿದ್ದು ಚುರುಗುಟ್ಟುತ್ತಿತ್ತು. ಮೈಗೆ ಬಿಸಿಲು, ಕಣ್ಣಿಗೆ ಮಂಜು. ನನ್ನ ದೇಹವೇ ನನಗೆ ಸುಳ್ಳು ಹೇಳುತ್ತಿತ್ತು. ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

ಡಾಕ್ಟರಮ್ಮ ಬಿ.ಪಿ. ನೋಡಿದರು, ನನ್ನ ಕೈ ಒತ್ತಿ ನೋಡಿದರು. ಒತ್ತಿದ ಕಡೆ ಕುಳಿ ಬಿತ್ತು. ಎಲ್ಲರೂ ಮೆಚ್ಚಿದ್ದು ಮೈಯನ್ನಲ್ಲ, ಒಳಗೆ ತುಂಬಿದ್ದ ನೀರನ್ನು. ಫಿಟ್ಸ್ ಬಂದರೆ ಇಬ್ಬರ ಜೀವಕ್ಕೂ ಅಪಾಯ, ಈಗಲೇ ಮಗುವನ್ನು ಹೊರತೆಗೆಯಬೇಕು ಎಂದು ತಮಿಳಿನಲ್ಲಿ ಹೇಳಿದರು. ಸೂಜಿ ಚುಚ್ಚಲು ಬಳೆ ತೆಗೆಯಬೇಕಿತ್ತು, ಬರಲಿಲ್ಲ. ಒಂದು ಬಳೆ ಬಿರುಕು ಬಿಟ್ಟರೂ ದೇವರಿಗೆ ತಪ್ಪುಕಾಣಿಕೆ ಎತ್ತಿಡುವ ನನ್ನತ್ತೆ, ನನ್ನ ಕೈಗೆ ಸೆರಗು ಸುತ್ತಿ ಅಷ್ಟನ್ನೂ ತಾವೇ ಒಡೆದು ಹಾಕಿದರು.

ಮಗಳು ಬೆಕ್ಕಿನ ಮರಿಯಷ್ಟಿದ್ದಳು. ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿ ಬೆಳೆದು ಮನೆಗೆ ಬಂದಳು. ನನ್ನ ಕಣ್ಣೂ ನಿಧಾನಕ್ಕೆ ತಿಳಿಯಾಯಿತು.

ಈಗ ಅವಳು ಶಾಲೆಗೆ ಹೋಗುತ್ತಾಳೆ. ಆದರೂ ಮಂಜು ಇಳಿದರೆ ಸಾಕು, ನನ್ನ ಕಣ್ಣನ್ನು ನಾನೇ ನಂಬುವುದಿಲ್ಲ. ಹೊಲ ಕಾಣುತ್ತಾ ನೋಡು ಎಂದು ಅವಳನ್ನು ಕರೆದು ಕೇಳುತ್ತೇನೆ. ಓದುತ್ತಿದ್ದವಳು ಬೇಸರದಿಂದ ತಲೆಯೆತ್ತುತ್ತಾಳೆ.

"ಇಲ್ಲ ಕಣವ್ವ, ನಂಗೂ ಕಾಣಲ್ಲ," ಅನ್ನುತ್ತಾಳೆ.

ಆಮೇಲೇ ನಾನು ಎದ್ದು ಬಾಗಿಲು ಹಾಕುವುದು.