ನೂರಾ ಹನ್ನೆರಡು ಬೆಲ್‌ಗಳ ಭಯ

ಬೆಳಗಿನ ಐದೂವರೆ. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಒಬ್ಬಾಕೆ ಚಪ್ಪಲಿ ಕಳಚಿಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಹಾಸಿಗೆಯಿಂದ ಹಾಸಿಗೆಗೆ ನಡೆಯುತ್ತಾರೆ. ದಿಂಬಿನ ಪಕ್ಕದ ಗುಂಡಿ ಒತ್ತುತ್ತಾರೆ, ನರ್ಸ್ ಮೇಜಿನ ಮೇಲೆ ದೀಪ ಹತ್ತಿತೇ ಎಂದು ಕತ್ತು ಚಾಚಿ ನೋಡುತ್ತಾರೆ. ಒಟ್ಟು ನೂರಾ ಹನ್ನೆರಡು ಬೆಲ್. ಇದು ಅವರ ಕೆಲಸವೇ ಅಲ್ಲ. ಅವರ ಕೆಲಸ, ಆ ಬೆಲ್‌ಗಳನ್ನು ನಡೆಸುವ ಪ್ರೋಗ್ರಾಂ ಬರೆಯುವುದು.

ನರ್ಸ್‌ಗಳು ಅವರನ್ನು ‘ಬೆಲ್ ಅಕ್ಕ’ ಎನ್ನುತ್ತಾರೆ. ಹನ್ನೆರಡು ವರ್ಷ ಇಲ್ಲೇ ಟೆಲಿಫೋನ್ ಆಪರೇಟರ್ ಆಗಿದ್ದವರು, ಮಗಳ ಪುಸ್ತಕ ಹಿಡಿದು ಪ್ರೋಗ್ರಾಮಿಂಗ್ ಕಲಿತರು. “ಬೀಗ ಹಾಕಿ ಮೂರು ಸಲ ಎಳೆದು ನೋಡ್ತಾಳೆ, ಬೀಗಕ್ಕೇ ನಾಚಿಕೆ ಆಗ್ಬೇಕು” ಎಂದು ಗಂಡ ಕಿಚಾಯಿಸುತ್ತಾರೆ. ಆಕೆ ನಗುವುದಿಲ್ಲ.

ಭಯಕ್ಕೆ ಕಾರಣವಿದೆ. ಹಳೆಯ ಪ್ರೋಗ್ರಾಂ ಒಂದು ಬೆಲ್‌ಗೆ ನರ್ಸ್ ಉತ್ತರ ಕೊಡುವ ತನಕ ಇನ್ನೊಂದನ್ನು ಮುಟ್ಟುತ್ತಿರಲಿಲ್ಲ. ಒಬ್ಬರು ನೀರು ಕೇಳಿದರೆ, ಉಸಿರು ಕಟ್ಟಿದವರೂ ಅವರ ಹಿಂದೆ ಸಾಲು ನಿಲ್ಲಬೇಕು. ಕಾಯುವ ರಗಳೆಯೇ ಬೇಡವೆಂದು ಕಳೆದ ತಿಂಗಳು ಬೆಲ್ ಅಕ್ಕ, ಕರೆ ಬಂದ ಹಾಗೆ ನರ್ಸ್ ಮೇಜಿಗೆ ಕಳಿಸಿಬಿಟ್ಟು ಮುಂದೆ ಸಾಗುವ ವಿಧಾನ ಆರಿಸಿದರು. ಎಲ್ಲರೂ ಭೇಷ್ ಎಂದರು. ಕಳಿಸಿದ್ದು ತಲುಪಿತೇ ಎಂದು ಕೇಳುವ ಒಂದು ಸಾಲು ಮಾತ್ರ ಬರೆದಿರಲಿಲ್ಲ. ಎದೆನೋವು ಬಂದ ಅಜ್ಜರೊಬ್ಬರು ಹನ್ನೊಂದು ನಿಮಿಷ ಗುಂಡಿ ಒತ್ತಿದರು. ಬೆಲ್ ಹೊಡೆಯಲಿಲ್ಲ, ಕಂಪ್ಯೂಟರ್ ಪರದೆಯ ಮೇಲೆ ಎಲ್ಲವೂ ಸರಿ ಎನ್ನುವ ಹಸಿರು. ನೆಲ ಒರೆಸಲು ಬಂದಾಕೆ ಕೂಗಿದ್ದರಿಂದ ಅಜ್ಜ ಬದುಕಿದರು. ಅಂದೇ ಹಳೆಯ ಪ್ರೋಗ್ರಾಂ ಮರಳಿತು.

“ಯಾರೂ ಬೈಲಿಲ್ಲ. ವೈರ್ ಹೋಗಿರ್ಬೇಕು ಅಂದ್ಕೊಂಡ್ರು. ನಾನೇ ಹೋಗಿ ತಪ್ಪು ನಂದು ಅಂದೆ. ಈಗ್ಲೂ ಕಣ್ಣು ಮುಚ್ಚಿದ್ರೆ ಆ ಹಸಿರೇ ಕಾಣುತ್ತೆ” ಎನ್ನುತ್ತಾರೆ.

ಇಂದು ಏಳಕ್ಕೆ ಮೂರನೆಯ ವಿಧಾನ ಶುರು. ಯಾವ ಕರೆಯೂ ಇನ್ನೊಂದಕ್ಕಾಗಿ ಕಾಯುವುದಿಲ್ಲ. ಆದರೆ ಪ್ರತಿ ಕರೆಯೂ ಹತ್ತು ಸೆಕೆಂಡಿನೊಳಗೆ ತಲುಪಿದ ಸುದ್ದಿ ಕೊಡಬೇಕು. ಕೊಡದಿದ್ದರೆ ಇಡೀ ಮಹಡಿಗೆ ಕೇಳುವ ಸೈರನ್. “ಫೋನೂ ಹಂಗೇ ಅಲ್ವಾ? ಲೈನ್ ಕೊಟ್ಟು ಸುಮ್ನಾದ್ರೆ ಆಗಲ್ಲ. ಆ ಕಡೆಯವರು ಹಲೋ ಅಂದ್ರಾ ಅಂತ ಕೇಳಿಸ್ಕೋಬೇಕು.”

ಏಳಾಗುತ್ತದೆ. ಏಳು ಇಪ್ಪತ್ತಕ್ಕೆ ಸೈರನ್ ಕಿರುಚುತ್ತದೆ, ಆಕೆ ಪರದೆಯತ್ತ ಧಾವಿಸುತ್ತಾರೆ. ಅಲ್ಲಿ ಅರವತ್ತನಾಲ್ಕನೇ ಹಾಸಿಗೆ ಕೆಂಪಾಗಿದೆ, ಅದರ ಕರೆ ತಲುಪಿಲ್ಲ. ನರ್ಸ್ ಓಡುತ್ತಾರೆ. ಹಾಸಿಗೆಯಲ್ಲಿ ಡ್ರಿಪ್ ಸೂಜಿ ಕಳಚಿ, ಕೈಯೆಲ್ಲ ರಕ್ತವಾಗಿ ಒಬ್ಬ ಹೆಂಗಸು ಗುಂಡಿ ಒತ್ತುತ್ತಲೇ ಇದ್ದಾಳೆ. ಎರಡು ನಿಮಿಷದಲ್ಲಿ ರಕ್ತ ನಿಲ್ಲುತ್ತದೆ.

“ಮೊದಲ್ನೇ ದಿನವೇ ಕೆಟ್ಟುಹೋಯ್ತಲ್ಲ ಅಕ್ಕ” ಎನ್ನುತ್ತಾರೆ ಮರಳಿ ಬಂದ ನರ್ಸ್.

ಬೆಲ್ ಅಕ್ಕ ಸೈರನ್ ಆರಿಸಿ, ಪರದೆಯ ಮೇಲಿನ ಕೆಂಪು ತೋರಿಸುತ್ತಾರೆ.

“ಕೆಟ್ಟಿದ್ದು ಹೌದಮ್ಮ. ಆದ್ರೆ ಈ ಸಲ ಕೆಟ್ಟಿದೀನಿ ಅಂತ ತಾನೇ ಕೂಗಿ ಹೇಳ್ತು ನೋಡು.”