ಕಾಮರಾಜನಿಗೆ ಆರದ ಒಲೆ

ನಮ್ಮ ಅತ್ತೆಗೆ ಮೂಕಮ್ಮಾಳ್ ಎಂದು ಹೆಸರಿಟ್ಟವರು ಅವಳು ಮಾತು ಕಲಿಯುವ ತನಕ ಕಾಯಬೇಕಿತ್ತು. ಕೊಂಬೈ ದಾರಿಯಲ್ಲಿರುವ ನಮ್ಮೂರ ಬೀದಿಯ ತುದಿಯಲ್ಲಿ ಅವಳ ಇಡ್ಲಿ ಅಂಗಡಿ. ದ್ರಾಕ್ಷಿ ತೋಟಕ್ಕೆ ಹೋಗುವ ಹೆಂಗಸರು, ಕಂಬಂ ಬಸ್ಸಿಗೆ ಕಾಯುವ ಗಂಡಸರು, ಯಾರೇ ಆಗಲಿ, ಅವಳ ಇಡ್ಲಿಯ ಜೊತೆಗೆ ನಾಲ್ಕು ಬೈಗುಳವನ್ನೂ ತಿಂದೇ ಹೋಗಬೇಕು. ಗಂಡ ಹೋದಮೇಲೆ ಆ ಬಾಯಿಂದಲೇ ಅವಳು ಮಗ ಕಾಮರಾಜನನ್ನು ಸಾಕಿ, ವ್ಯಾನ್ ಓಡಿಸುವಷ್ಟು ದೊಡ್ಡವನನ್ನಾಗಿ ಮಾಡಿದಳು.

ನಮ್ಮ ಬೀದಿಯಲ್ಲಿ ಒಂದು ಕಟ್ಟಳೆ ಉಂಟು. ಯಾರಾದರೂ ಸತ್ತರೆ, ಹೆಣ ಎತ್ತಿ ಬೀದಿ ದಾಟಿಸುವ ತನಕ ಯಾವ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ಬೆಳಗಿನ ಕತ್ತಲಲ್ಲಿ ಅತ್ತೆಯ ಅಂಗಡಿಯಲ್ಲಿ ಹೊಗೆ ಕಾಣದಿದ್ದರೆ ಸಾಕು, ಉಳಿದವರು ಕೇಳುವುದೇ ಇಲ್ಲ, ತಮ್ಮ ಒಲೆಯನ್ನೂ ಹಾಗೇ ಬಿಡುತ್ತಾರೆ. ಅಂಥ ದಿನ ಅತ್ತೆಯ ಇಡ್ಲಿ ಹಿಟ್ಟು ಹುಳಿಯಾಗಿ ಹಾಳಾಗುತ್ತದೆ. ಹಾಗಾಗಿ ಬೀದಿಯ ಸಾವುಗಳೆಲ್ಲ ಅವಳಿಗೆ ಹಾಳಾದ ಹಿಟ್ಟಿನ ನೆನಪಾಗಿ ಉಳಿದಿವೆ. ಕಟ್ಟಳೆಗೆ ಒಂದು ವಿನಾಯಿತಿಯೂ ಉಂಟು. ಹಿಂದೆ ಕಾಲರಾ ಬಂದಾಗ ದಿನಾ ಒಂದು ಹೆಣ ಬಿದ್ದು, ಬೀದಿಯ ಮಕ್ಕಳು ಹಸಿದು ಸಾಯುವಂತಾಯಿತಂತೆ. ಅಂದಿನಿಂದ ಊರಿಗೇ ಬರುವ ಕೊಳ್ಳೆರೋಗದ ಸಾವಿಗೆ ಒಲೆ ಆರಿಸುವುದಿಲ್ಲ.

ನಾನು ದಿಂಡಿಗಲ್ಲಿನ ಕಾಲೇಜೊಂದರಲ್ಲಿ ಅಂಕಿಅಂಶದ ಪಾಠ ಹೇಳುವವಳು. ಕೊರೊನಾದ ಎರಡನೇ ಅಲೆಯ ವರ್ಷ ನಮ್ಮೂರಲ್ಲಿ ಎಷ್ಟು ಜನ ಹೆಚ್ಚಾಗಿ ಸತ್ತರು ಎಂದು ಈಚೆಗೆ ಲೆಕ್ಕ ಹಾಕಲು ಹೊರಟೆ. ದಾರಿ ಸುಲಭ. ಅದಕ್ಕೆ ಹಿಂದಿನ ವರ್ಷಗಳಲ್ಲಿ ಸಾಮಾನ್ಯವಾಗಿ ಎಷ್ಟು ಸಾವಾಗುತ್ತಿದ್ದವು ಎಂದು ನೋಡುವುದು, ಆ ವರ್ಷದ್ದರಲ್ಲಿ ಅದನ್ನು ಕಳೆಯುವುದು. ನಮ್ಮ ಬೀದಿಯಲ್ಲಿ ವರ್ಷಕ್ಕೆ ಹನ್ನೊಂದರ ಆಸುಪಾಸು, ಆ ವರ್ಷ ಇಪ್ಪತ್ತಾರು. ಅಂದರೆ ಹದಿನೈದು ಹೆಚ್ಚು.

ಅತ್ತೆಯನ್ನು ಕೇಳಿದರೆ ಇಲ್ಲವೆಂದು ತಲೆ ಆಡಿಸಿಬಿಟ್ಟಳು. ಆ ವರ್ಷ ತನ್ನ ಹಿಟ್ಟೇನೂ ಹೆಚ್ಚು ಹಾಳಾಗಲಿಲ್ಲ, ನನ್ನ ಲೆಕ್ಕವೇ ತಪ್ಪು ಎಂದಳು. ನನಗೆ ಸಿಟ್ಟು ಬಂತು, ಆದರೆ ಅವಳ ಮಾತೂ ನಿಜವೇ. ಆ ವರ್ಷ ಸತ್ತ ಎಷ್ಟೋ ಜನ ಬೀದಿಗೆ ಬರಲೇ ಇಲ್ಲ. ಆಸ್ಪತ್ರೆಯಿಂದ ನೇರ ಸುಡುಗಾಡಿಗೆ ಹೋದರು. ಬೀದಿಯ ಒಲೆಗಳು ಉರಿಯುತ್ತಲೇ ಇದ್ದವು.

ಹಾಗೆ ಹೋದವರಲ್ಲಿ ಕಾಮರಾಜನೂ ಒಬ್ಬ. ಜ್ವರ ಬಂದು ತೇನಿಯ ಆಸ್ಪತ್ರೆಗೆ ಸೇರಿದ್ದವನು ಒಂದು ಬೆಳಗಿನ ಜಾವ ತೀರಿಕೊಂಡ. ಪರೀಕ್ಷೆಯ ಫಲ ಕೈಗೆ ಸಿಗಲಿಲ್ಲ, ಕಾಗದದಲ್ಲಿ ಹೃದಯ ನಿಂತಿತು ಎಂದಷ್ಟೇ ಇತ್ತು. ಸುದ್ದಿ ಮೊದಲು ಬೀದಿಯವರಿಗೆ ಬಂತು. ಅತ್ತೆಗೆ ಹೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅಂಗಡಿಗೆ ಹೋಗದಿದ್ದರೆ ಅನುಮಾನ ಬರುತ್ತದೆಂದು ಎಲ್ಲರೂ ಎಂದಿನಂತೆ ಮುಚ್ಚಳದ ತೂಕುಪಾತ್ರೆ ಕೈಯಲ್ಲಿ ತೂಗಿಸಿಕೊಂಡು ಬಂದು ಇಡ್ಲಿ ಕೊಂಡರು. ಅವಳು ಎಂದಿನಂತೆ ಬೈದಳು. ಮಧ್ಯಾಹ್ನ ಪಾತ್ರೆ ತೊಳೆಯುತ್ತಿದ್ದಾಗ ಹೇಳಿದರು. ಅಷ್ಟರಲ್ಲಿ ಅವನು ಬೂದಿಯಾಗಿದ್ದ.

ಕರುಣೆಯಿಂದ ಮಾಡಿದ್ದನ್ನು ದ್ವೇಷಿಸುವುದು ಹೇಗೆ? ಮರೆಯುವುದು ಹೇಗೆ? ಬಿಸಿ ತುಪ್ಪದಂತೆ ಅದನ್ನು ಬಾಯಲ್ಲಿಟ್ಟುಕೊಂಡೇ ಅತ್ತೆ ಇಷ್ಟು ವರ್ಷ ಅದೇ ಜನರಿಗೆ ಇಡ್ಲಿ ಬೇಯಿಸಿದಳು. ಬೇರೆಯವರ ಮನೆಯ ಸಾವಿಗೆಲ್ಲ ತಪ್ಪದೆ ಒಲೆ ಆರಿಸಿದಳು. ಅವಳಿಗೆ ಬೇಕಿದ್ದದ್ದು ಒಂದೇ, ತಡವಾದರೂ ಸರಿ, ಮಗನಿಗಾಗಿ ಬೀದಿ ಒಂದು ದಿನ ಒಲೆ ಹಚ್ಚದೆ ಇರಬೇಕು. ಬೀದಿಯ ಹಿರಿಯ ರಾಮಸಾಮಿ ಗೌಡರನ್ನು ಅವಳು ಪ್ರತಿ ವರ್ಷ ಕೇಳುತ್ತಿದ್ದಳು. ಅವರು ಕೆಟ್ಟವರಲ್ಲ. ಕೊಳ್ಳೆರೋಗದ ಸಾವಾದರೆ ಕಟ್ಟಳೆ ಒಪ್ಪುವುದಿಲ್ಲ, ಒಬ್ಬರಿಗೆ ಮಾಡಿದರೆ ಎಲ್ಲರಿಗೂ ಮಾಡಬೇಕಾಗುತ್ತದೆ ಎನ್ನುತ್ತಿದ್ದರು. ನನ್ನ ಲೆಕ್ಕದ ವಿಷಯ ಕಿವಿಗೆ ಬಿದ್ದಮೇಲೆ ಅವರೇ ಒಂದು ದಾರಿ ತೋರಿಸಿದರು. ಕಾಮರಾಜ ಮಾಮೂಲಿ ಸಾವಿನ ಹನ್ನೊಂದರಲ್ಲಿ ಒಬ್ಬನಾದರೆ ಒಲೆ ಆರಿಸೋಣ, ಹದಿನೈದರಲ್ಲಿ ಒಬ್ಬನಾದರೆ ಇಲ್ಲ.

ಅತ್ತೆ ನನ್ನ ಮುಂದೆ ಬಂದು ಕೂತಳು. ಅಂದು ಬೈಗುಳವಿರಲಿಲ್ಲ.

"ನಿನ್ನ ಕಣಕ್ಕಲ್ಲಿ ನನ್ನ ಮಗ ಯಾವ ಪಕ್ಕ ಅವನೆ, ಕಣ್ಣು?"

ಈ ಲೆಕ್ಕ ಎಷ್ಟು ಜನ ಎಂದು ಹೇಳುತ್ತದೆಯೇ ಹೊರತು ಯಾರು ಎಂದು ಹೇಳುವುದಿಲ್ಲ. ಇಪ್ಪತ್ತಾರು ಜನರನ್ನು ಸಾಲಾಗಿ ನಿಲ್ಲಿಸಿ ನೀನು ಇತ್ತ, ನೀನು ಅತ್ತ ಎನ್ನಲು ಬರುವುದಿಲ್ಲ. ತರಗತಿಯಲ್ಲಿ ಇದನ್ನು ನೂರು ಸಲ ಹೇಳಿದ್ದೇನೆ. ಅದಕ್ಕಿಂತ ಕಷ್ಟದ ಮಾತು ಇನ್ನೊಂದಿತ್ತು. ಹಿಂದಿನ ವರ್ಷಗಳಲ್ಲಿ ಅವನ ವಯಸ್ಸಿನವರು ಸತ್ತದ್ದೇ ಅಪರೂಪ. ಆದ್ದರಿಂದ ಅವನು ಹದಿನೈದರ ಕಡೆಗೇ ಇರುವ ಸಂಭವ ಹೆಚ್ಚು. ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ಆಗಲೇ ಒಂದು ಬೆಳಗಿನ ತುಂಬ ಅವಳಿಗೆ ಸುಳ್ಳು ತಿನ್ನಿಸಿದ್ದರಲ್ಲ, ಇನ್ನೊಂದನ್ನು ಬಡಿಸಲು ನನ್ನಿಂದಾಗಲಿಲ್ಲ. ಎಲ್ಲವನ್ನೂ ಹೇಳಿದೆ. ಅವಳು ಸೆರಗು ಸರಿಮಾಡಿಕೊಂಡು ಎದ್ದು ಹೋದಳು. ನನಗೆ ನನ್ನ ಓದಿನ ಮೇಲೆಯೇ ಅಸಹ್ಯವಾಯಿತು.

ಮಾರನೇ ಬೆಳಗ್ಗೆ ಅತ್ತೆಯ ಅಂಗಡಿಯಲ್ಲಿ ಹೊಗೆ ಕಾಣಲಿಲ್ಲ.

ಎದುರು ಮನೆಯ ಪಾಂಡೀಶ್ವರಿ ಅದನ್ನು ನೋಡಿ ಹಚ್ಚಬೇಕೆಂದಿದ್ದ ಗ್ಯಾಸನ್ನು ಹಾಗೇ ಬಿಟ್ಟಳು. ಪಕ್ಕದವರು ಅವಳನ್ನು ನೋಡಿ ಬಿಟ್ಟರು. ಬಿಸಿಲೇರುವ ಹೊತ್ತಿಗೆ ಬೀದಿಗೆ ಬೀದಿಯೇ ಉಪವಾಸ ಕೂತಿತ್ತು, ಸತ್ತವರು ಯಾರೆಂದು ಮಾತ್ರ ಒಬ್ಬರಿಗೂ ಗೊತ್ತಿರಲಿಲ್ಲ. ಇವರ ಮನೆಯಲ್ಲಿರಬೇಕೆಂದು ಅವರು, ಅವರ ಮನೆಯಲ್ಲಿರಬೇಕೆಂದು ಇವರು. ಬೇರೆ ಹೊತ್ತಾಗಿದ್ದರೆ ನಾನು ಹೊಟ್ಟೆ ಹಿಡಿದು ನಗುತ್ತಿದ್ದೆ. ಕೊನೆಗೆ ರಾಮಸಾಮಿ ಗೌಡರು ಟವೆಲ್ ಹೆಗಲಿಗೆ ಹಾಕಿಕೊಂಡು ಅಂಗಡಿಗೆ ಬಂದರು, ಹಿಂದೆ ಜನ. ಅತ್ತೆ ತಣ್ಣನೆಯ ಒಲೆಯ ಪಕ್ಕ ಕಾಲು ನೀಡಿ ಕೂತಿದ್ದಳು.

"ಯಾರು ಹೋದದ್ದು, ಮೂಕಮ್ಮಾ?"

"ಕಾಮರಾಜು."

ಅವನ ಸಾವಿನ ಬೆಳಗ್ಗೆ ಇಡ್ಲಿ ಕೊಂಡವರೆಲ್ಲ ಅಲ್ಲೇ ಇದ್ದರು. ಪಾಂಡೀಶ್ವರಿ ಅಳತೊಡಗಿದಳು. ಬೀದಿಯೇನೋ ಒಲೆ ಹಚ್ಚದೆ ಕೂತಿತ್ತು, ತಿಳಿಯದೆ ಆದರೂ. ಇಷ್ಟು ವರ್ಷ ಅತ್ತೆ ಬೇಡಿದ್ದು ಅದೇ. ಅವಳ ಮುಖದಲ್ಲಿ ಸಮಾಧಾನ ಕಾಣುತ್ತದೆಂದು ನಾನು ಕಾದೆ, ಕಾಣಲಿಲ್ಲ. ಗೌಡರು, ಆದದ್ದು ಆಯಿತು, ಅವನಿಗೆ ಸಲ್ಲಬೇಕಾದದ್ದು ಸಂದಿತು, ಮಕ್ಕಳು ಹಸಿದಿವೆ, ಇನ್ನು ಒಲೆ ಹಚ್ಚು ತಾಯಿ ಎಂದು ಮೆತ್ತಗೆ ಹೇಳಿದರು.

ಅತ್ತೆ ತಲೆ ಎತ್ತಿ ಅವರನ್ನು ನೋಡಿದಳು.

"ಎತ್ತದೆ ಹೆಂಗೆ ಹಚ್ಚಲಿ ಅಣ್ಣಾ? ಮೊದಲು ಅವನ್ನ ಎತ್ತಿ."