ನನ್ನ ಹಿಂದೆ ಗುಡಿಸುವವರು

ಗೊರೂರಿನಾಚೆ ನಮ್ಮ ಬೀದಿ. ಮನೆಗಳ ಬೆನ್ನಿಗೇ ಗುಡ್ಡ. ಶಿವರಾತ್ರಿ ಕಳೆದರೆ ಗುಡ್ಡದ ಹುಲ್ಲೆಲ್ಲ ಒಣಗಿ ನಿಲ್ಲುತ್ತದೆ. ಯಾರೋ ಎಸೆದ ಒಂದು ಬೀಡಿ ಸಾಕು, ಮನೆಗಳು ಉಳಿಯುವುದಿಲ್ಲ. ಅದಕ್ಕೇ ವರ್ಷವರ್ಷ ಬೀದಿಯವರೆಲ್ಲ ಸೇರಿ ಮನೆಗಳ ಹಿಂದೆ ಉದ್ದಕ್ಕೂ ನೆಲ ಬೋಳು ಮಾಡುತ್ತೇವೆ. ಗಂಡ ಕುಡುಗೋಲಿನಲ್ಲಿ ಕೊಯ್ಯುತ್ತಾ ಹೋಗಬೇಕು, ಹೆಂಡತಿ ಹಿಂದೆಯೇ ಗುಡಿಸುತ್ತಾ ಬರಬೇಕು. ಕೊಯ್ದ ಹುಲ್ಲು ಅಲ್ಲೇ ಬಿದ್ದಿದ್ದರೆ ಕೊಯ್ದೂ ದಂಡ.

ಈ ಸಲ ನಾನೂ ಕೊಯ್ದೆ. ನೋಡಲು ಬಂದಿದ್ದ ಫಾರೆಸ್ಟ್ ಗಾರ್ಡು ಊರಿಗೆ ಹೊಸಬ. ನನ್ನ ಹಿಂದೆ ಬಿದ್ದಿದ್ದ ಹುಲ್ಲು ನೋಡಿ ನಿಂತ.

“ಯಜಮಾನ್ರೇ, ನಿಮ್ಮ ಹಿಂದೆ ಗುಡಿಸೋರೆಲ್ಲಿ?”

“ಇಲ್ಲ ಸಾ.”

“ಇನ್ನೂ ಬಂದಿಲ್ವಾ? ಬೇಗ ಕರೀರಿ, ಬಿಸಿಲೇರ್ತದೆ.”

ಎಲ್ಲರ ಕುಡುಗೋಲೂ ನಿಂತವು.

“ಕರುದ್ರೆ ಬರೋ ಕಡೆ ಇಲ್ಲ ಸಾ ಅವಳು. ದೀಪಾವಳಿಗೆ ಮುಂಚೆ ತೀರ್ಕೊಂಡ್ಲು.”

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಗ ಪಕ್ಕದ ಮನೆ ಪುಟ್ಟಮ್ಮ ಪೊರಕೆ ಹಿಡಿದು ಬಂದಳು.

“ನೀ ಕುಯ್ಯಣ್ಣ. ನೀ ಕುಯ್ಯೋ ಬಿರುಸಿಗೆ ನಾನು ಎಲ್ಡು ಮನೇದು ಗುಡಿಸಿದ್ರೂ ಒಂದು ನಿದ್ದೆ ತೆಗೀಬೋದು ಕಣ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ನನ್ನವಳಾಗಿದ್ದರೆ ಬುಡ ಬಿಟ್ಟು ಕೊಯ್ತೀಯ ಅಂತ ಬೈಯುತ್ತಾ ಗುಡಿಸುತ್ತಿದ್ದಳು. ಪುಟ್ಟಮ್ಮ ಬೈಯಲಿಲ್ಲ. ನಾನು ತಿರುಗಿ ನೋಡಲಿಲ್ಲ.

ಕೆಲಸ ಮುಗಿದ ಮೇಲೆ ಗಾರ್ಡು ಸಮಾಧಾನ ಹೇಳುವವನಂತೆ ಹತ್ತಿರ ಬಂದ. “ಇನ್ನು ನಿಮ್ಮನೇಗೆ ಬೆಂಕಿ ಭಯ ಇಲ್ಲ ಬಿಡಿ, ಯಜಮಾನ್ರೇ.”

ಹೂಂ ಅಂದೆ. ಅವಳು ಹೋದ ಮೇಲೆ ಆ ಮನೆಯ ಒಲೆಯೇ ಬೆಂಕಿ ಕಂಡಿಲ್ಲ.